ಅಂಗೈ ಉರಿಗೆ ಮುಲಾಮಿನ ಅಧ್ಯಯನ: ಅಮ್ಮ ಸಹಿ ಹಾಕಬಹುದೇ?

ಪ್ರಶ್ನೆ: ನನ್ನ ಅಮ್ಮನಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಕ್ಯಾಪೆಸಿಟಬಿನ್ ಮಾತ್ರೆ ಸೇವಿಸುತ್ತಿದ್ದಾರೆ. ಎರಡನೆಯ ಸುತ್ತಿನಿಂದ ಅಂಗೈ, ಅಂಗಾಲು ಕೆಂಪೇರಿ ಉರಿಯುತ್ತಿವೆ. ಬೀಡಿ ಕಟ್ಟಲು ಕೂರಲಾಗುತ್ತಿಲ್ಲ. ರೇಷನ್ ಅಂಗಡಿಯ ಯಂತ್ರವೂ ಹೆಬ್ಬೆರಳನ್ನು ಗುರುತಿಸುತ್ತಿಲ್ಲ. ಆಸ್ಪತ್ರೆಯವರು ಮುಲಾಮೊಂದರ ಅಧ್ಯಯನಕ್ಕೆ ಸೇರುವಂತೆ ಕೇಳಿ, ಮಲಯಾಳದ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ಅಮ್ಮನಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಅವರನ್ನು ಪ್ರಯೋಗಪಶು ಮಾಡಿದಂತಾಗುವುದಿಲ್ಲವೇ?
– ಓದುಗರು, ಬದಿಯಡ್ಕ

ಉತ್ತರ: ಮೊದಲಿಗೆ, ಅಧ್ಯಯನಕ್ಕೆ ಸೇರಲಿ ಬಿಡಲಿ, ಈ ಉರಿಯನ್ನು ಕ್ಯಾನ್ಸರ್ ವೈದ್ಯರಿಗೆ ಕೂಡಲೇ ತಿಳಿಸಿ. ನೋವಿನಿಂದ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ಅಗತ್ಯವಿದ್ದರೆ ಪ್ರಮಾಣ ತಗ್ಗಿಸುವುದು ರೂಢಿ. ಆ ನಿರ್ಧಾರ ಮಾತ್ರ ವೈದ್ಯರದೇ ಆಗಿರಬೇಕು. ಸದ್ಯಕ್ಕೆ ಬೀಡಿ ಕಟ್ಟುವುದು ಬೇಡ, ಬೆರಳ ತುದಿಯ ಉಜ್ಜಾಟ ಉರಿಯನ್ನು ಹೆಚ್ಚಿಸುತ್ತದೆ.

ನೀವು ಹೇಳಿದ ಬಗೆಯ ಅಧ್ಯಯನಗಳು ಸಾಮಾನ್ಯವಾಗಿ ಕ್ಯಾನ್ಸರಿನ ಮದ್ದನ್ನು ಬದಲಿಸುವುದಿಲ್ಲ. ಆ ಮದ್ದು ತರುವ ತೊಂದರೆಯನ್ನು ತಗ್ಗಿಸುವ ಉಪಾಯವನ್ನಷ್ಟೇ ಪರೀಕ್ಷಿಸುತ್ತವೆ. ದೆಹಲಿಯ ಏಮ್ಸ್‌ನಲ್ಲಿ ಕ್ಯಾಪೆಸಿಟಬಿನ್ ಸೇವಿಸುವ 264 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಮ್ಮೂರ ಮದ್ದಿನಂಗಡಿಗಳಲ್ಲೂ ಸಿಗುವ ನೋವುನಿವಾರಕ ಡೈಕ್ಲೋಫೆನಾಕ್ ಜೆಲ್ಲನ್ನೂ ಇನ್ನೊಂದಕ್ಕೆ ಮದ್ದಿಲ್ಲದ ಜೆಲ್ಲನ್ನೂ ಕೊಡಲಾಗಿತ್ತು. ಮಧ್ಯಮ ಅಥವಾ ತೀವ್ರ ಉರಿ ಮೊದಲ ಗುಂಪಿನಲ್ಲಿ ಶೇ 3.8, ಎರಡನೆಯದರಲ್ಲಿ ಶೇ 15 ಮಂದಿಗೆ ಕಾಣಿಸಿತು; 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಆದರೆ ಅದು ಉರಿ ಬಾರದಂತೆ ತಡೆಯುವ ಪ್ರಯತ್ನವಾಗಿತ್ತೇ ಹೊರತು ಬಂದದ್ದನ್ನು ಗುಣಪಡಿಸುವುದಲ್ಲ. ಹಾಗಾಗಿ ಇದನ್ನು ಓದಿ ಬಿರುಕುಬಿಟ್ಟ ಚರ್ಮಕ್ಕೆ ನೀವೇ ಆ ಜೆಲ್ ಹಚ್ಚಬೇಡಿ.

ನಿಮ್ಮ ತಾಯಿಯವರಿಗೂ ಮದ್ದಿಲ್ಲದ ಮುಲಾಮು ಬರುವ ಸಾಧ್ಯತೆಯಿದೆಯೇ ಎಂದು ನೇರವಾಗಿ ಕೇಳಿ. ಇದ್ದರೆ ಅದು ಮೋಸವಲ್ಲ, ಹೋಲಿಸಿ ನೋಡುವುದಕ್ಕಾಗಿ ಅಷ್ಟೇ; ಆದರೆ ಮೊದಲೇ ತಿಳಿಸಿರಬೇಕು. ಹೆಚ್ಚುವರಿ ಭೇಟಿಗಳೆಷ್ಟು, ಬಸ್ಸಿನ ಖರ್ಚು ಯಾರದು, ಮುಲಾಮಿನಿಂದಲೇ ತೊಂದರೆಯಾದರೆ ಚಿಕಿತ್ಸೆಯ ಹೊಣೆ ಯಾರದು ಎಂಬುದೆಲ್ಲ ಪತ್ರದಲ್ಲಿರಲಿ. ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಾದ ಸಿಟಿಆರ್‌ಐ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಭಾಷೆಯ ಬಗ್ಗೆ ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಸಹಿ ಹಾಕುವವರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಆಶಯ. ಕಾಸರಗೋಡಿನಿಂದ ಬರುವ ರೋಗಿಗಳಲ್ಲಿ ಕನ್ನಡಿಗರಿರುವುದು ಆಸ್ಪತ್ರೆಗೆ ಹೊಸ ಸುದ್ದಿಯೇನಲ್ಲ. ಇಂಥ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿ ಒಪ್ಪಿದ ಕನ್ನಡ ಪ್ರತಿಯನ್ನು ಕೇಳಲು ಸಂಕೋಚ ಬೇಡ. ವರಾಂಡದಲ್ಲಿ ನಿಂತ ಯಾರೋ ಬಾಯಿಮಾತಿನಲ್ಲಿ ತರ್ಜುಮೆ ಮಾಡಿ ಹೇಳಿದ್ದು ಅದಕ್ಕೆ ಸಮವಲ್ಲ. ಪ್ರತಿಯನ್ನು ಮನೆಗೆ ತನ್ನಿ, ತಾಯಿಯವರೇ ಓದಲಿ, ಸಹಿ ಅವರ ಇಚ್ಛೆಯಿಂದಾಗಲಿ. ಸೇರದಿದ್ದರೂ, ನಡುವೆ ಬಿಟ್ಟರೂ ಅವರ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಕನ್ನಡ ಪ್ರತಿ ಕೈಗೆ ಬರುವ ತನಕ ಸಹಿ ಹಾಕದಿರುವುದೇ ಮೇಲೆಂದು ನನಗನಿಸುತ್ತದೆ.

ರೇಷನ್ ಯಂತ್ರದ ಪೇಚಾಟವೂ ಈ ಮಾತ್ರೆಯದೇ ಇರಬಹುದು: ಕ್ಯಾಪೆಸಿಟಬಿನ್ ಕೆಲವರ ಬೆರಳಚ್ಚನ್ನು ಅಳಿಸುತ್ತದೆ, ಮಾತ್ರೆ ನಿಂತ ಕೆಲವು ವಾರಗಳಲ್ಲಿ ಗೆರೆಗಳು ಸಾಮಾನ್ಯವಾಗಿ ಮರಳುತ್ತವೆ. ಅಲ್ಲಿಯವರೆಗೆ ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರು ಹೋಗಿ ಬೆರಳೊತ್ತಿ ಅಕ್ಕಿ ತರಲಿ.