'ವೆರಿ' ಅನ್ನುವ ಇಂಗ್ಲಿಷ್ ಪದ ಎಲ್ಲಿಂದ ಬಂತು?

ಲ್ಯಾಟಿನ್‌ನ 'ವೇರುಸ್' ಅನ್ನುವ ಪದದಿಂದ, ಫ್ರೆಂಚ್ ಮೂಲಕ ಬಂದದ್ದು. ವೇರುಸ್ ಅಂದರೆ ನಿಜವಾದ, ದಿಟವಾದ ಎಂದರ್ಥ. ಹಳೆಯ ಫ್ರೆಂಚ್‌ನಲ್ಲಿ ಅದು 'ವೆರಾಯ್' ಆಯಿತು. 1066ರಲ್ಲಿ ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ರಾಶಿ ರಾಶಿ ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವಲ್ಲ, ಇದೂ ಅವುಗಳ ಪೈಕಿ ಒಂದು.

ಇಂಗ್ಲಿಷಿನಲ್ಲೂ ಮೊದಲು ಇದಕ್ಕೆ 'ನಿಜವಾದ' ಅಂತಲೇ ಅರ್ಥ. ಮತ್ತೆ 'ಬಹಳ' ಹೇಗಾಯಿತು? 'ನಿಜವಾಗ್ಲೂ ಚಳಿ' ಅಂತ ಯಾರಾದರೂ ಹೇಳಿದರೆ ಕೇಳುವವರಿಗೆ 'ಚಳಿ ಜಾಸ್ತಿ' ಅಂತ ಅನ್ನಿಸುತ್ತದೆ, ಅಲ್ವಾ? ಹಾಗೆ ಒತ್ತಿ ಹೇಳಲು ಬಳಸಿ ಬಳಸಿ, ನಿಜ ಅನ್ನುವ ಅರ್ಥ ಸವೆದು ಹೋಯಿತು. ಒತ್ತು ಮಾತ್ರ ಉಳಿಯಿತು. ಈಗ 'ರಿಯಲಿ' ಕೂಡ ಅದೇ ದಾರಿ ಹಿಡಿದಿದೆ.

ಹಳೆಯ ವಾಸನೆ ಪೂರ್ತಿ ಹೋಗಿಲ್ಲ. 'ದಿಸ್ ವೆರಿ ಡೇ' ಅಂದರೆ 'ಇದೇ ದಿನ'. ಅಲ್ಲಿ 'ಬಹಳ' ಅಂತ ಅರ್ಥ ಹಚ್ಚಿದರೆ ವಾಕ್ಯವೇ ಕೂರುವುದಿಲ್ಲ. ನಿಜವೇ ಅಂತ ಪರೀಕ್ಷಿಸುವ 'ವೆರಿಫೈ', ಕೋರ್ಟಿನ 'ವರ್ಡಿಕ್ಟ್' ಕೂಡ ಇದೇ ಬೇರಿನವು. ವರ್ಡಿಕ್ಟ್ ಅಂದರೆ 'ನಿಜ ನುಡಿದದ್ದು'.

ವೆರಿ ಬರುವ ಮುಂಚೆ ಇಂಗ್ಲಿಷಿನಲ್ಲಿ 'ಬಹಳ' ಅಂತ ಹೇಳುವ ಕೆಲಸ ಮಾಡುತ್ತಿದ್ದದ್ದು 'ಸ್ವೀದೆ'. ಮೂಲ ಅರ್ಥ 'ಬಲವಾಗಿ'. ಅದು ಈಗ ಬಳಕೆಯಲ್ಲೇ ಇಲ್ಲ.