ಪೇಟೆಂಟ್ ಬಿಡಿ, ಮೊದಲು ಆ ಫಾರಂ ಓದಿ

ಈ ತಿಂಗಳೂ ಅದೇ ಪ್ರಶ್ನೆ: ಜೀನ್ ಟೆಸ್ಟಿಗೆ ರಕ್ತ ಕೊಟ್ಟರೆ ನಮ್ಮ ಜೀನ್ ಪೇಟೆಂಟ್ ಇರುವ ಕಂಪನಿಯ ಪಾಲಾಗುತ್ತಾ? ಹೊನ್ನಾಳಿಯಿಂದ ಒಂದು, ಹೊಸದುರ್ಗದಿಂದ ಒಂದು, ಹರಿಹರದಿಂದ ಎರಡು. ಎಲ್ಲರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ. ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಈ ಸಲ ಬಂದ ಬೇರೆ ಪ್ರಶ್ನೆಗಳಿಗೆ ಒಂದೆರಡು ಸಾಲು. ಜೀನ್ ಅಂದರೇನು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ, ಮಕ್ಕಳ ಹೈಸ್ಕೂಲ್ ಪುಸ್ತಕದಲ್ಲಿದೆ, ನೋಡಿಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮ ತಾಯಿ 46ನೇ ವಯಸ್ಸಿಗೆ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಗ ಅಕ್ಕನಿಗೂ ಬಂದಿದೆ, ದಾವಣಗೆರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ನಾನು ಜೀನ್ ಟೆಸ್ಟ್ ಮಾಡಿಸಬೇಕೆಂದಿದ್ದೇನೆ. ಆದರೆ ಆ ಜೀನ್ ಮೇಲೆ ಅಮೆರಿಕದ ಕಂಪನಿಯ ಪೇಟೆಂಟ್ ಇದೆ, ರಕ್ತ ಕೊಟ್ಟರೆ ನಮ್ಮ ಜೀನ್ ಅವರ ಪಾಲಾಗುತ್ತದೆ ಅಂತ ಮಗ ಮೊಬೈಲಲ್ಲಿ ತೋರಿಸಿದ. ನಿಜವೇ? – ಹರಿಹರದ ಓದುಗರು

ಉತ್ತರ: ಸುಳ್ಳು. ನಿಮ್ಮ ಮಗ ತೋರಿಸಿದ್ದು ಹಳೇ ಕಥೆ, ಅದೂ ಅರ್ಧ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಿರಿಯಡ್ ಜೆನೆಟಿಕ್ಸ್ ಅಂತ ಒಂದು ಕಂಪನಿ. ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಎರಡು ಜೀನ್‌ಗಳ ಮೇಲೆ 1990ರ ದಶಕದಲ್ಲಿ ಪೇಟೆಂಟ್, ಅಂದರೆ ಬೇರೆಯವರು ಬಳಸದಂತೆ ತಡೆಯುವ ಹಕ್ಕು, ತೆಗೆದುಕೊಂಡಿತ್ತು. ಇವು ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಜಾಸ್ತಿ. ಬೇರೆ ಲ್ಯಾಬ್ ಈ ಟೆಸ್ಟ್ ಮಾಡಲು ಹೊರಟರೆ ವಕೀಲರ ಪತ್ರ ಬರುತ್ತಿತ್ತು. ಒಂದು ಟೆಸ್ಟಿಗೆ 3,000 ಡಾಲರ್‌ಗೂ ಮೇಲೆ. ರಿಪೋರ್ಟ್ ಮೇಲೆ ಅನುಮಾನ ಬಂದರೆ ಇನ್ನೊಂದು ಕಡೆ ತೋರಿಸೋಣ ಅಂದರೆ ಇನ್ನೊಂದು ಕಡೆಯೇ ಇಲ್ಲ. 2009ರಲ್ಲಿ ವೈದ್ಯರು, ವಿಜ್ಞಾನಿಗಳು, ರೋಗಿಗಳು ಸೇರಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಮೇಲಿನದರಲ್ಲಿ ಬಹುಪಾಲು ಸೋತರು. ಕೊನೆಗೆ 2013ರ ಜೂನ್ 13ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ಪ್ರಕೃತಿಯಲ್ಲಿರುವ ಡಿಎನ್‌ಎ ತುಂಡನ್ನು ಬಿಡಿಸಿ ತೆಗೆದ ಮಾತ್ರಕ್ಕೆ ಅದು ಆವಿಷ್ಕಾರ ಆಗುವುದಿಲ್ಲ.

ಚಳ್ಳಕೆರೆ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲದಲ್ಲಿ ಶೇಂಗಾ ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿ ಬಿಡಿಸಿದಿರಿ. ಕಷ್ಟದ ಕೆಲಸ, ನಿಜ. ಹಾಗಂತ ಶೇಂಗಾ ನಾನೇ ಕಂಡುಹಿಡಿದೆ ಅನ್ನೋಕಾಗುತ್ತಾ? ಅದೇ ಶೇಂಗಾಕ್ಕೆ ಬೆಲ್ಲ ಹಾಕಿ ಚಿಕ್ಕಿ ಮಾಡಿದರೆ ಮಾತು ಬೇರೆ. ಕೋರ್ಟ್ ಕೂಡ ಜೀನಿನ ಕೆಲಸದ ಭಾಗ ಮಾತ್ರ ಜೋಡಿಸಿ ಲ್ಯಾಬಿನಲ್ಲಿ ತಯಾರಿಸಿದ ಸಿಡಿಎನ್‌ಎಗೆ ಪೇಟೆಂಟ್ ಕೊಡಬಹುದು ಎಂದಿತು. 2015ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟಿನಲ್ಲೂ (ಅಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟ್) ಇದೇ ಕಂಪನಿ ಸೋತಿತು. ಅಲ್ಲಿ ಕೇಸು ಹಾಕಿದ್ದು ಸ್ವತಃ ಸ್ತನ ಕ್ಯಾನ್ಸರ್ ಅನುಭವಿಸಿದ ಒಬ್ಬ ಹೆಂಗಸು.

ಪೇಟೆಂಟ್ ಅನ್ನೋದು ಕೊಟ್ಟ ದೇಶದಲ್ಲಿ ಮಾತ್ರ ನಡೆಯುವ ಕಾಗದ, ಅದೂ 20 ವರ್ಷ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಸಿ) ಕಲಮಿನಲ್ಲಿ ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡುಹಿಡಿದರೆ ಅದು ಆವಿಷ್ಕಾರವಲ್ಲ ಅಂತಲೇ ಇದೆ. ನೀವು ರಕ್ತ ಕೊಟ್ಟರೆ ನಿಮ್ಮ ಜೀನ್ ಯಾರ ಪಾಲೂ ಆಗುವುದಿಲ್ಲ. ಆ ಭಯ ಇಲ್ಲಿಗೆ ಬಿಡಿ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಪೇಟೆಂಟ್ ಬಗ್ಗೆ ಇಷ್ಟು ಹೆದರುವವರು ಟೆಸ್ಟಿಗೆ ಮೊದಲು ಕೊಡುವ ಒಪ್ಪಿಗೆ ಫಾರಂಗೆ ಕಣ್ಣುಮುಚ್ಚಿ ಸಹಿ ಹಾಕುತ್ತೀರಲ್ಲ!

ಹೋದ ವರ್ಷ ಒಬ್ಬಾಕೆ ನನ್ನ ಹತ್ತಿರ ತನ್ನ ಫಾರಂನ ನಕಲು ತಂದಿದ್ದರು. ಎರಡು ಹಾಳೆ, ಪೂರ್ತಿ ಇಂಗ್ಲಿಷ್, ಸಾಸಿವೆ ಕಾಳಿನಷ್ಟು ಅಕ್ಷರ. ಎರಡನೇ ಹಾಳೆಯ ಕೊನೆಯಲ್ಲಿ ಎರಡು ಚೌಕ. ಒಂದರಲ್ಲಿ ‘ಉಳಿದ ಮಾದರಿ ಮತ್ತು ಮಾಹಿತಿಯನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ’, ಇನ್ನೊಂದರಲ್ಲಿ ‘ಒಪ್ಪಿಗೆ ಇಲ್ಲ’. ಮೊದಲನೆಯದಕ್ಕೆ ಆಗಲೇ ಟಿಕ್ ಬಿದ್ದಿತ್ತು. ಯಾರು ಹಾಕಿದ್ದು? ರಕ್ತ ತೆಗೆಯಲು ಬಂದ ಹುಡುಗ! ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿಸುತ್ತಾ, ‘ಎಲ್ಲಾರೂ ಇಲ್ಲೇ ಹಾಕ್ತಾರೆ ಅಮ್ಮ, ಸುಮ್ನೆ ಸೈನ್ ಮಾಡಿ’ ಅಂದನಂತೆ. ಲ್ಯಾಬಿಗೆ ಫೋನ್ ಮಾಡಿ ನಾನು ಕೂಗಾಡಿದ್ದು ಪಕ್ಕದ ರೂಮಿಗೂ ಕೇಳಿಸಿತು.

ಆ ಚೌಕ ಯಾಕೆ ಮುಖ್ಯ ಅಂದರೆ ಜಾನ್ ಮೂರ್ ಎಂಬಾತನ ಕೇಸು ನೋಡಿ. ರಕ್ತದ ಕ್ಯಾನ್ಸರ್ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನ ಗುಲ್ಮ (ಹೊಟ್ಟೆಯ ಎಡಭಾಗದ ಒಂದು ಅಂಗ) ತೆಗೆದರು. ಅದರ ಜೀವಕೋಶಗಳಿಂದ ಅವನಿಗೆ ತಿಳಿಸದೆಯೇ ಕೋಶ ಬೆಳೆಸಿ, 1984ರಲ್ಲಿ ಪೇಟೆಂಟೂ ಪಡೆದರು. 1990ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟ್, ತೆಗೆದ ಕೋಶ ನಿನ್ನ ಆಸ್ತಿಯಲ್ಲ, ಆದರೆ ಇದರಲ್ಲಿ ತನಗೇನು ಲಾಭ ಅಂತ ವೈದ್ಯ ನಿನಗೆ ಮೊದಲೇ ಹೇಳಬೇಕಿತ್ತು ಎಂದಿತು. ಅಂದರೆ ರೋಗಿಯ ಕೈಯಲ್ಲಿ ಉಳಿದದ್ದು ಒಪ್ಪಿಗೆ ಒಂದೇ. ನಮ್ಮಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸಂಶೋಧನೆಗೆ ಒಪ್ಪಿಗೆ ಬೇಕು, ಕೊಟ್ಟದ್ದನ್ನು ವಾಪಸ್ ಪಡೆಯಲೂಬಹುದು. ನಾನು ಸಂಶೋಧನೆಗೆ ವಿರೋಧಿಯಲ್ಲ. ತಿಳಿದು ಕೊಡಿ, ಅಷ್ಟೇ.

ಇನ್ನು ಟೆಸ್ಟ್ ವಿಷಯ. ಮೊದಲು ಮಾಡಿಸಬೇಕಾದ್ದು ನೀವಲ್ಲ, ನಿಮ್ಮ ಅಕ್ಕ. ಕಾಯಿಲೆ ಇರುವವರಲ್ಲಿ ಯಾವ ಜಾಗದಲ್ಲಿ ಕೆಟ್ಟಿದೆ ಅಂತ ಸಿಕ್ಕಿದರೆ, ನಿಮ್ಮಲ್ಲಿ ಆ ಒಂದೇ ಜಾಗ ನೋಡಿದರೆ ಸಾಕು, ಖರ್ಚೂ ಕಡಿಮೆ. ಅಕ್ಕನಿಗೆ ತಾಯಿಯಿಂದ ಬಂದಿದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನನ್ನು ಬಿಟ್ಟು ನೀವೊಬ್ಬರೇ ಮಾಡಿಸಿ ‘ಏನೂ ಇಲ್ಲ’ ಅಂತ ಬಂದರೆ, ಅದು ನಿಜವಾಗಿ ಏನೂ ಇಲ್ಲವೋ, ಟೆಸ್ಟಿಗೆ ಸಿಗಲಿಲ್ಲವೋ ಗೊತ್ತಾಗುವುದಿಲ್ಲ. ‘ಅರ್ಥ ಖಚಿತವಿಲ್ಲದ ಬದಲಾವಣೆ’ ಅಂತ ರಿಪೋರ್ಟ್ ಬಂದರೆ ಗಾಬರಿಯಾಗಿ ಆಪರೇಷನ್‌ಗೆ ಓಡಬೇಡಿ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಅಣ್ಣನೋ ತಮ್ಮನೋ ಇದ್ದರೆ ಅವನನ್ನೂ ಮರೆಯಬೇಡಿ, ಗಂಡಸರಿಂದಲೂ ಇದು ಮಕ್ಕಳಿಗೆ ಇಳಿಯುತ್ತದೆ. ‘ಹೆಂಗಸರ ಕಾಯಿಲೆ, ಅವನಿಗ್ಯಾಕೆ’ ಅನ್ನುವವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಪ್ರಶ್ನೆ: ನಮ್ಮ ಮನೆತನದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ನಮ್ಮ ಜೀನ್‌ಗೆ ನಾವೇ ಪೇಟೆಂಟ್ ಮಾಡಿಸಬಹುದೇ? – ಜಗಳೂರು

ಉತ್ತರ: ಆಗಲ್ಲ. ಮೇಲಿನ 3(ಸಿ) ನಿಮಗೂ ಅನ್ವಯಿಸುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಬೆರಳಚ್ಚು ತೆಗೆದು ಮಗು ಡಾಕ್ಟರ್ ಆಗುತ್ತೋ ಇಂಜಿನಿಯರ್ ಆಗುತ್ತೋ ಹೇಳುತ್ತಾರೆ. ಇದೂ ಜೀನ್ ಟೆಸ್ಟಾ? – ಚಿತ್ರದುರ್ಗ

ಉತ್ತರ: ಅಲ್ಲ. ಗಿಳಿಶಾಸ್ತ್ರಕ್ಕೆ ಕಂಪ್ಯೂಟರ್ ಜೋಡಿಸಿದ್ದಾರೆ. ಗಿಳಿಯಾದರೂ ಇಷ್ಟು ಫೀಸ್ ಕೇಳುತ್ತಿರಲಿಲ್ಲ.

ಪ್ರಶ್ನೆ: ಮಗುವಿನ ಕೂದಲು ಕದ್ದು ಡಿಎನ್‌ಎ ಟೆಸ್ಟ್ ಮಾಡಿಸಿದರೆ ಕೋರ್ಟ್ ಒಪ್ಪುತ್ತದಾ? – ಹೆಸರು ಬೇಡ

ಉತ್ತರ: ಗಂಡ ಹೆಂಡತಿ ಜಗಳದಲ್ಲಿ ಮಗುವಿಗೆ ಸಲೀಸಾಗಿ ಡಿಎನ್‌ಎ ಟೆಸ್ಟ್ ಮಾಡಿಸುವಂತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 2023ರಲ್ಲೂ ಹೇಳಿದೆ. ವಕೀಲರನ್ನು ನೋಡಿ. ಕತ್ತರಿ ಕೆಳಗಿಡಿ.

ಪ್ರಶ್ನೆ: ‘ಜೀನ್ ಶುದ್ಧಿ ಕಷಾಯ’ 40 ದಿನ ಕುಡಿದರೆ ವಂಶದ ಕ್ಯಾನ್ಸರ್ ಬರುವುದಿಲ್ಲವಂತೆ? – ಚನ್ನಗಿರಿ

ಉತ್ತರ: ಕಷಾಯ ಕುಡಿದು ಯಾರ ಜೀನೂ ಬದಲಾಗುವುದಿಲ್ಲ. ಆ ಬಾಟಲಿ ಚೆಲ್ಲಿ. ಕೊಟ್ಟವನ ಹತ್ತಿರ ಬಿಲ್ ಇಸಿದುಕೊಳ್ಳಿ, ದೂರು ಕೊಡಲು ಬೇಕಾಗುತ್ತದೆ.