ಪ್ರತಿಕ್ರಿಯೆ: ಬಂದೂಕಿನ ಹಕ್ಕಿಗೆ ತೆರುವ ಬೆಲೆ

ಅಮೆರಿಕದಲ್ಲಿ ಬಂದೂಕು ಹೊಂದುವ ಹಕ್ಕನ್ನು ಅಷ್ಟೊಂದು ಸಾವುಗಳ ಬೆಲೆ ತೆತ್ತು ಉಳಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಈಗಿರುವಷ್ಟು ಸಡಿಲವಾಗಿ ಬೇಡ ಎಂಬುದು ನನ್ನ ಅಭಿಪ್ರಾಯ. ಶಾಲೆಗಳಲ್ಲಿ ನಡೆಯುವ ಗುಂಡಿನ ದಾಳಿಗಳೇ ಹೆಚ್ಚು ಸುದ್ದಿಯಾಗುತ್ತವೆ. ಆದರೆ 2021ರಲ್ಲಿ ಅಲ್ಲಿ ಗುಂಡೇಟಿನಿಂದ ಸತ್ತ ಸುಮಾರು 48,800 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಕಳ್ಳರ ಭಯಕ್ಕೆಂದು ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಗುಂಡು ತುಂಬಿಟ್ಟ ಪಿಸ್ತೂಲು, ಮನೆಯವರಲ್ಲೇ ಒಬ್ಬರು ಮನಸ್ಸು ಕುಸಿದು ಕುಳಿತ ರಾತ್ರಿ ಅವರ ಕೈಗೆ ಸಿಗುತ್ತದೆ, ಮನಸ್ಸು ಬದಲಾಯಿಸಿಕೊಳ್ಳಲು ವೇಳೆಯನ್ನೂ ಕೊಡುವುದಿಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಮನೆಯಲ್ಲಿ ಆತ್ಮರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳುವುದನ್ನು ವೈಯಕ್ತಿಕ ಹಕ್ಕೆಂದು ಎತ್ತಿಹಿಡಿದರೂ ಆ ಹಕ್ಕಿಗೆ ಮಿತಿಯಿದೆ ಎಂದೂ ಹೇಳಿದೆ. ಆದ್ದರಿಂದ, ಕೊಂಡ ಬಂದೂಕು ಕೈಸೇರಲು 10 ದಿನ ಕಾಯಿಸುವ ಕ್ಯಾಲಿಫೋರ್ನಿಯದಂಥ ನಿಯಮ ಆ ಹಕ್ಕನ್ನು ಕಸಿಯುತ್ತದೆಂದು ನನಗೆ ಅನ್ನಿಸುವುದಿಲ್ಲ.